ಮಕ್ಕಳಿಗೆ ಪುದ್ಗಲವನ್ನು ತಿಳಿಸುವ ಬಗೆ

ದಶಲಕ್ಷಣ ಪರ್ವದ ಹತ್ತು ದಿನಗಳಲ್ಲಿ ದಿನಕ್ಕೊಂದು ಅಧ್ಯಾಯದಂತೆ ತತ್ತ್ವಾರ್ಥಸೂತ್ರದ ಪ್ರವಚನ ನಡೆಸುವುದು ಬಸದಿಗಳಲ್ಲಿ ಬಹುಕಾಲದಿಂದ ಬಂದ ಪದ್ಧತಿ. ಐದನೆಯ ದಿನ ಬರುವುದು ಅಜೀವ ತತ್ತ್ವವನ್ನು ನಿರೂಪಿಸುವ ಐದನೆಯ ಅಧ್ಯಾಯ. ಕ್ಷಮೆ, ದಾನ, ವ್ರತಗಳ ಮಾತು ಬಂದಾಗ ನೆಟ್ಟಗೆ ಕುಳಿತು ಕೇಳುವ ಹಿರಿಯರೂ ಆ ದಿನ ಸ್ವಲ್ಪ ಸಡಿಲಗೊಳ್ಳುತ್ತಾರೆ. ಮಕ್ಕಳಂತೂ ಕಂಬಕ್ಕೆ ಒರಗಿ ತೂಕಡಿಸುತ್ತಾರೆ. ಧರ್ಮ, ಅಧರ್ಮ, ಆಕಾಶ, ಕಾಲ, ಪುದ್ಗಲ ಎಂಬ ಹೆಸರುಗಳು ಅವರ ತಲೆಯ ಮೇಲಿಂದ ಹಾದುಹೋಗುತ್ತವೆ. ಇದು ವಿಷಾದದ ಸಂಗತಿ. ಹತ್ತು ಅಧ್ಯಾಯಗಳಲ್ಲಿ ಮಕ್ಕಳ ಕೈಗೆ ನೇರವಾಗಿ ಎಟುಕುವ ವಿಷಯ ಯಾವುದಾದರೂ ಇದ್ದರೆ ಅದು ಈ ಅಧ್ಯಾಯದ ಪುದ್ಗಲ ವಿಚಾರವೇ. ಮುಟ್ಟುವುದು, ನೆಕ್ಕುವುದು, ಮೂಸುವುದು, ನೋಡುವುದು, ಇವು ಮಗುವಿನ ದಿನವಿಡೀ ನಡೆಯುವ ಕೆಲಸಗಳು. ಪುದ್ಗಲದ ಲಕ್ಷಣವೆಂದು ಆಚಾರ್ಯರು ಹೇಳಿರುವುದೂ ಸ್ಪರ್ಶ, ರಸ, ಗಂಧ, ವರ್ಣಗಳೆಂಬ ಈ ನಾಲ್ಕನ್ನೇ.

ಮಕ್ಕಳ ಪಾಠಶಾಲೆಗಳಲ್ಲಿ ಇದನ್ನು ಕಲಿಸುವುದಿಲ್ಲವೆಂದಲ್ಲ, ಕಲಿಸುತ್ತಾರೆ. ಸ್ಪರ್ಶ ಎಂಟು, ರಸ ಐದು, ಗಂಧ ಎರಡು, ವರ್ಣ ಐದು, ಒಟ್ಟು ಇಪ್ಪತ್ತು ಎಂದು ಕಂಠಪಾಠ ಮಾಡಿಸುತ್ತಾರೆ. ತಪ್ಪಿಲ್ಲದೆ ಒಪ್ಪಿಸಿದ ಮಗುವಿಗೆ ಬಹುಮಾನವೂ ಉಂಟು. ಆದರೆ ಇಪ್ಪತ್ತನ್ನೂ ಒಪ್ಪಿಸಿದ ಮಗುವಿನ ಮುಂದೆ ಒಂದು ಬೆಲ್ಲದ ತುಂಡನ್ನಿಟ್ಟು ಇದು ಏನು ಎಂದು ಕೇಳಿದರೆ ‘ಬೆಲ್ಲ’ ಎನ್ನುತ್ತದೆಯೇ ಹೊರತು ‘ಪುದ್ಗಲ’ ಎನ್ನುವುದಿಲ್ಲ. ಬಾಯಲ್ಲಿರುವ ಮಾತಿಗೂ ಕೈಯಲ್ಲಿರುವ ವಸ್ತುವಿಗೂ ನಂಟು ಏರ್ಪಟ್ಟಿಲ್ಲ. ಎಣಿಕೆಯನ್ನು ಮೊದಲು ಕೊಟ್ಟು ಅನುಭವವನ್ನು ಆಮೇಲೆ ಎಂದಾದರೂ ನೋಡೋಣವೆಂದು ಮುಂದೂಡಿದ್ದರ ಫಲವಿದು. ಕ್ರಮ ತಿರುವುಮುರುವಾಗಬೇಕು.

ಒಂದು ಹರಿವಾಣ ಸಾಕು. ಅದರಲ್ಲಿ ಒಂದು ತುಂಡು ಶ್ರೀಗಂಧ, ಒಂದು ಅಚ್ಚು ಬೆಲ್ಲ, ಒಂದು ನೆಲ್ಲಿಕಾಯಿ, ಒಂದಿಷ್ಟು ಹತ್ತಿ, ಒಂದು ಬೆಣಚುಕಲ್ಲು, ಅರಿಸಿನದ ಕೊಂಬು, ಒಂದು ಬಟ್ಟಲು ತುಪ್ಪ. ಮಗು ಕಣ್ಣು ಮುಚ್ಚಿಕೊಂಡು ಮುಟ್ಟಲಿ. ಮೃದು ಯಾವುದು, ಕಠಿಣ ಯಾವುದು, ಹಗುರ ಯಾವುದು, ಭಾರ ಯಾವುದು, ಜಿಡ್ಡು ಯಾವುದು, ಒರಟು ಯಾವುದು ಎಂದು ತಾನೇ ಹೇಳಲಿ. ತಣ್ಣನೆಯ ನೀರು, ಉಗುರುಬೆಚ್ಚನೆಯ ನೀರು ಎರಡನ್ನು ಪಕ್ಕದಲ್ಲಿಟ್ಟರೆ ಎಂಟು ಸ್ಪರ್ಶಗಳೂ ಅಲ್ಲಿಗೆ ಮುಗಿದವು. ನೆಲ್ಲಿಕಾಯಿಯೊಂದೇ ಒಗರು, ಹುಳಿ, ಕೊನೆಗೆ ನೀರು ಕುಡಿದಾಗ ಸಿಹಿ ಎಂದು ಮೂರು ರಸಗಳನ್ನು ಕಲಿಸುತ್ತದೆ. ಕಹಿಗೆ ಹಾಗಲವೂ ಖಾರಕ್ಕೆ ಮೆಣಸಿನ ಕಾಳೂ ಇದ್ದೇ ಇವೆ. ಇಷ್ಟು ಆದಮೇಲೆ ಹೆಸರು ಹೇಳಿದರೆ ಆ ಹೆಸರು ನಿಲ್ಲುತ್ತದೆ.

ಇಲ್ಲಿ ಯಾವುದಾದರೊಂದು ಮಗು ಉಪ್ಪು ಎಲ್ಲಿ ಎಂದು ಕೇಳಿಯೇ ಕೇಳುತ್ತದೆ. ಐದು ರಸಗಳ ಎಣಿಕೆಯಲ್ಲಿ ಉಪ್ಪಿನ ಹೆಸರಿಲ್ಲ. ಈ ಪ್ರಶ್ನೆಯನ್ನು ಅಧಿಕಪ್ರಸಂಗವೆಂದು ಗದರಿಸುವ ಬದಲು ಸಂತೋಷಪಡಬೇಕು. ಮಗು ಪಟ್ಟಿಯನ್ನು ನಾಲಿಗೆಯ ಮೇಲಿಟ್ಟು ಪರೀಕ್ಷಿಸಿದೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ. ಹೇಳಿರುವುದು ಮೂಲಭೇದಗಳನ್ನು ಮಾತ್ರ, ಒಂದೊಂದರ ಒಳಗೂ ಅವುಗಳ ಬೆರಕೆಯಲ್ಲೂ ಎಣಿಸಲಾಗದಷ್ಟು ಬಗೆಗಳಿವೆ ಎಂದು ವ್ಯಾಖ್ಯಾನಕಾರರೇ ಹೇಳಿದ್ದಾರೆ. ಆ ಉತ್ತರ ಸಾಕು. ವರ್ಣಗಳ ವಿಷಯದಲ್ಲೂ ಹಾಗೆಯೇ. ಕಪ್ಪು, ನೀಲಿ, ಹಳದಿ, ಕೆಂಪು, ಬಿಳಿ ಎಂದರೆ ಹಸಿರು ಇಲ್ಲವೆಂದು ಅರ್ಥವಲ್ಲ. ನೀಲಿಗೆ ಹಳದಿ ಬೆರೆಸಿ ಹಸಿರು ಮಾಡಲು ಚಿತ್ರಕಲೆಯ ತರಗತಿಯಲ್ಲಿ ಆ ಮಗು ಆಗಲೇ ಕಲಿತಿರುತ್ತದೆ.

ಇದಕ್ಕಿಂತ ಕಷ್ಟದ ಮಾತು ಗಾಳಿಯದು. ಗಾಳಿ ಮೈಗೆ ತಾಗುತ್ತದೆ, ಕಣ್ಣಿಗೆ ಕಾಣದು. ವೈಶೇಷಿಕರು ಗಾಳಿಗೆ ಸ್ಪರ್ಶವುಂಟು, ಬಣ್ಣವಿಲ್ಲ ಎಂದರು. ಜೈನಾಚಾರ್ಯರು ಒಪ್ಪಲಿಲ್ಲ. ನಾಲ್ಕು ಗುಣಗಳೂ ಒಂದನ್ನೊಂದು ಬಿಟ್ಟಿರುವುದಿಲ್ಲ, ಒಂದು ಇರುವಲ್ಲಿ ಉಳಿದ ಮೂರೂ ಇವೆ, ನಮ್ಮ ಇಂದ್ರಿಯಕ್ಕೆ ಎಟುಕದಷ್ಟು ಸೂಕ್ಷ್ಮವಾಗಿರಬಹುದು ಅಷ್ಟೆ ಎಂಬುದು ಅವರ ನಿಲುವು. ‘ಕಾಣದಿದ್ದರೆ ಇಲ್ಲ’ ಎಂಬ ಅವಸರದ ತೀರ್ಮಾನದಿಂದ ಮಗುವನ್ನು ತಡೆಯಲು ಇದು ಒಳ್ಳೆಯ ಸಂದರ್ಭ. ಕರ್ಪೂರ ಇನ್ನೂ ಒಳ್ಳೆಯದು. ಆರತಿಯ ತಟ್ಟೆಯಲ್ಲಿ ಬೆಳ್ಳಗೆ ಕುಳಿತಿದ್ದ ಬಿಲ್ಲೆ ಕೆಲವೇ ನಿಮಿಷಗಳಲ್ಲಿ ಇಲ್ಲವಾಗುತ್ತದೆ. ಎಲ್ಲಿ ಹೋಯಿತು? ಗರ್ಭಗೃಹದಿಂದ ಮುಖಮಂಟಪದವರೆಗೂ ಹರಡಿರುವ ಪರಿಮಳವೇ ಒಂದಿಷ್ಟು ಉತ್ತರ ಹೇಳುತ್ತದೆ. ಬಿಲ್ಲೆಯ ರೂಪ ಅಳಿಯಿತು, ಹೊಗೆ, ಕಾವು, ವಾಸನೆಗಳ ರೂಪ ಹುಟ್ಟಿತು, ಪುದ್ಗಲ ಮಾತ್ರ ಅಳಿಯಲಿಲ್ಲ. ಉತ್ಪಾದ, ವ್ಯಯ, ಧ್ರೌವ್ಯ ಎಂಬ ದೊಡ್ಡ ಮಾತುಗಳನ್ನು ಆ ಹೊತ್ತಿಗೆ ಹೇಳದಿದ್ದರೂ ನಡೆಯುತ್ತದೆ. ಸಮಂತಭದ್ರಾಚಾರ್ಯರು ಆಪ್ತಮೀಮಾಂಸೆಯಲ್ಲಿ ಚಿನ್ನದ ಕೊಡವನ್ನು ಕರಗಿಸಿ ಕಿರೀಟ ಮಾಡುವ ಉದಾಹರಣೆ ಕೊಟ್ಟಿದ್ದಾರೆ. ಕೊಡ ಬೇಕಾಗಿದ್ದವನಿಗೆ ದುಃಖ, ಕಿರೀಟ ಬಯಸಿದವನಿಗೆ ಹರ್ಷ, ಚಿನ್ನವನ್ನಷ್ಟೇ ಬಯಸಿದವನಿಗೆ ಎರಡೂ ಇಲ್ಲ. ಅಜ್ಜಿಯ ಹಳೆಯ ಕಾಲುಗೆಜ್ಜೆಯನ್ನು ಕರಗಿಸಿ ಬೆಳ್ಳಿ ಲೋಟ ಮಾಡಿಸಿದ ಮನೆಯಲ್ಲಿ ಈ ದೃಷ್ಟಾಂತಕ್ಕೆ ವ್ಯಾಖ್ಯಾನವೇ ಬೇಕಾಗದು.

ಪುದ್ಗಲ ಎಂಬ ಹೆಸರೂ ಇದನ್ನೇ ಹೇಳುತ್ತದೆ. ಪೂರಣ ಎಂದರೆ ಕೂಡಿ ತುಂಬಿಕೊಳ್ಳುವುದು, ಗಲನ ಎಂದರೆ ಕಳಚಿ ಬೀಳುವುದು. ಇವೆರಡೂ ಉಳ್ಳದ್ದು ಪುದ್ಗಲ ಎಂದು ಪರಂಪರೆ ಈ ಪದವನ್ನು ಬಿಡಿಸಿದೆ. ಹಬ್ಬದ ಹಿಂದಿನ ದಿನ ರವೆ ಉಂಡೆ ಕಟ್ಟುವ ಅಡುಗೆಮನೆಯಲ್ಲಿ ಮಗುವನ್ನು ಕೂರಿಸಿದರೆ ಅದಕ್ಕೆ ಈ ಪದದ ಅರ್ಥ ಆಗುತ್ತದೆ. ಬರಿಯ ರವೆ ಎಷ್ಟು ಅದುಮಿದರೂ ಉದುರುತ್ತದೆ. ತುಪ್ಪ ಬಿದ್ದಾಗ ಹಿಡಿದು ನಿಲ್ಲುತ್ತದೆ. ಕಣಗಳು ಬೆಸೆಯಲು ಸ್ನಿಗ್ಧ, ರೂಕ್ಷ ಗುಣಗಳೇ ಕಾರಣವೆಂಬ ಶಾಸ್ತ್ರದ ಮಾತು ಅಲ್ಲಿ ಅಂಗೈಯಲ್ಲಿ ಕಾಣುತ್ತದೆ. ಎಷ್ಟು ಅಂಶ ಹೆಚ್ಚಿದ್ದರೆ ಬಂಧ, ಎಷ್ಟಿದ್ದರೆ ಇಲ್ಲ ಎಂಬ ಸೂಕ್ಷ್ಮ ಲೆಕ್ಕವನ್ನು ಹತ್ತು ವರ್ಷ ತಡವಾಗಿ ಕಲಿತರೂ ಮೋಸವಿಲ್ಲ.

ತೀರ್ಥಹಳ್ಳಿಯ ಬಳಿಯ ಕುಂದಾದ್ರಿಯೊಡನೆ ಪರಂಪರೆಯು ಹೆಸರನ್ನು ಬೆಸೆದಿರುವ ಕುಂದಕುಂದಾಚಾರ್ಯರು ನಿಯಮಸಾರದಲ್ಲಿ ಸ್ಕಂಧಗಳನ್ನು ಆರು ಮೆಟ್ಟಿಲುಗಳಾಗಿ ವಿಂಗಡಿಸಿದ್ದಾರೆ. ಮಕ್ಕಳಿಗೆ ಹೇಳುವವರು ಇದನ್ನೇಕೆ ಹೆಚ್ಚು ಬಳಸುವುದಿಲ್ಲವೋ ತಿಳಿಯದು. ಮೊದಲನೆಯದು ನೆಲದಂಥ ಗಟ್ಟಿ ವಸ್ತು, ಒಡೆದರೆ ತಾನಾಗಿ ಕೂಡದು. ಎರಡನೆಯದು ನೀರು, ತುಪ್ಪ, ಎಣ್ಣೆ, ಬೇರ್ಪಡಿಸಿದರೂ ಮತ್ತೆ ಕೂಡಿಕೊಳ್ಳುತ್ತದೆ. ಮೂರನೆಯದು ನೆರಳು, ಬಿಸಿಲು, ಕಣ್ಣಿಗೆ ಕಾಣುತ್ತದೆ, ಮುಷ್ಟಿಗೆ ಸಿಕ್ಕದು. ನಾಲ್ಕನೆಯದು ಅದಕ್ಕೆ ವಿರುದ್ಧ: ಕಣ್ಣಿಗೆ ಕಾಣದು, ಆದರೆ ಮೂಗು, ನಾಲಿಗೆ, ಕಿವಿ, ಚರ್ಮಗಳಿಗೆ ತಿಳಿಯುತ್ತದೆ. ಐದನೆಯದು ಯಾವ ಇಂದ್ರಿಯಕ್ಕೂ ಎಟುಕದ, ಕರ್ಮವಾಗಬಲ್ಲ ಪುದ್ಗಲ. ಆರನೆಯದು ಅದಕ್ಕಿಂತಲೂ ಸೂಕ್ಷ್ಮ. ಮೊದಲ ನಾಲ್ಕು ಮೆಟ್ಟಿಲುಗಳನ್ನು ಆರು ವರ್ಷದ ಮಗು ಅಂಗಳದಲ್ಲೇ ಹತ್ತಿಬಿಡುತ್ತದೆ. ನೆರಳನ್ನು ಹಿಡಿಯಲು ಓಡದ ಮಗು ಯಾವುದಿದೆ? ಕರ್ಮವೂ ಒಂದು ಬಗೆಯ ಪುದ್ಗಲವೆಂಬ ಮಾತು ಮುಂದೊಂದು ದಿನ ಕಿವಿಗೆ ಬಿದ್ದಾಗ ಅದು ಆಕಾಶದಿಂದ ಇಳಿದ ಮಾತೆನಿಸದೆ, ತಾನು ಹತ್ತಿದ ಮೆಟ್ಟಿಲುಗಳ ಮುಂದಿನ ಮೆಟ್ಟಿಲೆಂದು ತೋರುವುದು.

ಇಷ್ಟರಲ್ಲಿ ಶಾಲೆಯ ಪಾಠ ಎದುರಾಗುತ್ತದೆ. ಕನ್ನಡದ ವಿಜ್ಞಾನ ಪುಸ್ತಕದಲ್ಲಿ ‘ದ್ರವ್ಯ’ವೆಂದರೆ ರಾಶಿಯುಳ್ಳದ್ದು, ಸ್ಥಳವನ್ನು ಆಕ್ರಮಿಸುವಂಥದು. ಪಾಠಶಾಲೆಯಲ್ಲಿ ದ್ರವ್ಯಗಳು ಆರು, ಜೀವವೂ ಅದರಲ್ಲೊಂದು. ಶಾಲೆಯಲ್ಲಿ ಪರಮಾಣುವನ್ನು ಒಡೆಯಬಹುದು, ಬಸದಿಯಲ್ಲಿ ಪರಮಾಣು ಒಡೆಯಲಾಗದ್ದು. ಶಾಲೆಯಲ್ಲಿ ನೆರಳು ಬೆಳಕಿನ ಅಭಾವ, ಬಸದಿಯಲ್ಲಿ ಅದು ಪುದ್ಗಲದ ಪರ್ಯಾಯ. ಒಂದೇ ಪದ ಎರಡು ಮನೆಗಳಲ್ಲಿ ಬೇರೆ ಬೇರೆ ಕೆಲಸ ಮಾಡುತ್ತಿದೆ ಎಂದು ಯಾರೂ ಹೇಳದಿದ್ದರೆ ಮಗು ಎರಡರಲ್ಲೊಂದು ಸುಳ್ಳೆಂದು ತೀರ್ಮಾನಿಸುತ್ತದೆ, ಮತ್ತು ಸಾಮಾನ್ಯವಾಗಿ ಅಂಕ ಕೊಡದ ಕಡೆಯದನ್ನೇ ಸುಳ್ಳೆನ್ನುತ್ತದೆ. ಇದಕ್ಕೆ ಹೆದರಿ ಕೆಲವರು ಅಣುವಿಜ್ಞಾನವನ್ನೆಲ್ಲ ನಮ್ಮ ಆಚಾರ್ಯರು ಆಗಲೇ ಕಂಡಿದ್ದರು ಎಂದು ಹೇಳಿ ಚಪ್ಪಾಳೆ ಗಿಟ್ಟಿಸುತ್ತಾರೆ. ಆ ಮಾತು ಆಚಾರ್ಯರಿಗೂ ನ್ಯಾಯ ಮಾಡದು, ವಿಜ್ಞಾನಕ್ಕೂ ನ್ಯಾಯ ಮಾಡದು. ಶಾಸ್ತ್ರದ ಪರಮಾಣು ಪುದ್ಗಲದ ಇನ್ನು ಭಾಗಿಸಲಾಗದ ಕೊನೆಯ ಅಂಶ. ಅದರಲ್ಲಿ ಒಂದು ರಸ, ಒಂದು ಗಂಧ, ಒಂದು ವರ್ಣ, ಎರಡು ಸ್ಪರ್ಶಗಳು ಮಾತ್ರ ಇರುತ್ತವೆ. ಪ್ರಯೋಗಾಲಯದಲ್ಲಿ ಒಡೆಯುವ ಪರಮಾಣು ಶಾಸ್ತ್ರದ ಲೆಕ್ಕದಲ್ಲಿ ಸ್ಕಂಧವೇ ಆಗುತ್ತದೆ. ನೆರಳಿನ ವಿವಾದವಂತೂ ಇಂಗ್ಲಿಷ್ ಶಾಲೆಗಳಿಂದ ಹುಟ್ಟಿದ್ದಲ್ಲ. ಕತ್ತಲೆಯು ಬೆಳಕಿನ ಅಭಾವ ಮಾತ್ರವೆಂದು ವೈಶೇಷಿಕರು ವಾದಿಸುತ್ತಿದ್ದ ಕಾಲದಲ್ಲೇ ಜೈನರು ಅದನ್ನು ಎದುರಿಸಿ ನಿಂತವರು. ಶಾಲೆ ತೂಕ ಅಳತೆಗಳಿಂದ ಹೊರಡುತ್ತದೆ, ಆಗಮ ಇಂದ್ರಿಯಾನುಭವದಿಂದ ಹೊರಟು ಜೀವವನ್ನು ಬೇರ್ಪಡಿಸಿ ಕಾಣಲು ಹೊರಡುತ್ತದೆ ಎಂದು ಮಗುವಿಗೆ ನೇರವಾಗಿ ಹೇಳಬಹುದು. ಪರೀಕ್ಷೆಯಲ್ಲಿ ಶಾಲೆಯ ಉತ್ತರವನ್ನೇ ಬರೆಯಬೇಕೆಂದೂ ಹೇಳಬಹುದು. ಅದರಿಂದ ಧರ್ಮಕ್ಕೆ ಲೋಪವಿಲ್ಲ.

ಶಬ್ದದ ವಿಷಯವನ್ನು ಬೇರೆಯಾಗಿಯೇ ನೋಡಬೇಕು, ಏಕೆಂದರೆ ಈ ಕಾಲದ ಮಗುವಿಗೆ ಅತ್ಯಂತ ಬೇಕಾದ ವಿವೇಕ ಅಲ್ಲಿದೆ. ನ್ಯಾಯ ವೈಶೇಷಿಕರು ಶಬ್ದವನ್ನು ಆಕಾಶದ ಗುಣವೆಂದರು. ಜೈನ ದರ್ಶನ ಶಬ್ದವೂ ಪುದ್ಗಲದ್ದೇ ಎಂದಿತು. ಗೋಡೆಗೆ ತಾಗಿ ಮರಳುವುದು, ಗಾಳಿಯೊಡನೆ ಸಾಗಿಬರುವುದು, ಘಂಟೆಯ ಪಕ್ಕದಲ್ಲಿ ನಿಂತವನ ಕಿವಿಯನ್ನು ನೋಯಿಸುವುದು, ಇವು ಅಮೂರ್ತವಾದ ಆಕಾಶದ ಗುಣಕ್ಕೆ ಒಪ್ಪುವ ಕೆಲಸಗಳಲ್ಲ. ಈಗ ಮನೆಯಲ್ಲಿ ಮಾತನಾಡುವ ಗೊಂಬೆ ಇದೆ. ಕೇಳಿದ್ದಕ್ಕೆ ಉತ್ತರ ಕೊಡುವ ಮೊಬೈಲ್ ಇದೆ. ‘ಇದಕ್ಕೂ ಜೀವ ಇದೆಯಾ ಅಮ್ಮ?’ ಎಂದು ಮಗು ಕೇಳುತ್ತದೆ. ಚಲಿಸುವುದನ್ನೆಲ್ಲ ಸಣ್ಣ ಮಕ್ಕಳು ಸಜೀವವೆಂದು ಭಾವಿಸುವರೆಂದು ಸ್ವಿಟ್ಜರ್ಲೆಂಡಿನ ಮನಃಶಾಸ್ತ್ರಜ್ಞ ಜೀನ್ ಪಿಯಾಜೆ ಕಳೆದ ಶತಮಾನದಲ್ಲೇ ವಿವರಿಸಿದ್ದಾರೆ. ಸೂರ್ಯ, ಸೈಕಲ್ಲು, ಮೋಡ ಎಲ್ಲವೂ ಆ ವಯಸ್ಸಿಗೆ ಬದುಕಿರುವಂಥವೇ. ಚಲನೆಯ ಜೊತೆಗೆ ಈಗ ಮಾತೂ ಸೇರಿದೆ. ಹಾಗಿರುವಾಗ ಅಮ್ಮನ ಬಳಿ ಉತ್ತರ ಬೇಕಲ್ಲವೇ?

ಉತ್ತರ ಐದನೆಯ ಅಧ್ಯಾಯದಲ್ಲೇ ಇದೆ. ಚಲನೆ ಪುದ್ಗಲಕ್ಕೂ ಉಂಟು, ಶಬ್ದವೂ ಪುದ್ಗಲದ್ದೇ, ಪರದೆಯ ಮೇಲಿನ ಬೆಳಕೂ ಪುದ್ಗಲ. ಓಡುವುದು, ಮಾತನಾಡುವುದು, ಹೊಳೆಯುವುದು ಯಾವುದೂ ಜೀವದ ಗುರುತಲ್ಲ. ಜೀವದ ಲಕ್ಷಣ ಉಪಯೋಗ, ಎಂದರೆ ಅರಿಯುವ, ಕಾಣುವ ವ್ಯಾಪಾರ. ಮೊಬೈಲು ‘ನೋವಾಯಿತು’ ಎಂಬ ಶಬ್ದವನ್ನು ಹೊರಡಿಸಬಲ್ಲದು, ಅದಕ್ಕೆ ನೋವಾಗದು. ಇರುವೆ ಒಂದು ಮಾತೂ ಆಡದು, ಕಾಲಡಿಯಲ್ಲಿ ಸಿಕ್ಕಿದರೆ ಅದಕ್ಕೆ ನೋವಾಗುತ್ತದೆ. ಮಗು ಈ ಎರಡನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದ ದಿನ ಅಹಿಂಸೆಯ ಪಾಠ ಅರ್ಧ ಮುಗಿದಂತೆ. ಮಾತು ಬಾರದ್ದರ ಮೇಲೆ ಕರುಣೆ, ಮಾತು ಬರುವ ಯಂತ್ರದ ಮೇಲೆ ಎಚ್ಚರ, ಎರಡೂ ಒಂದೇ ತಿಳಿವಳಿಕೆಯಿಂದ ಹುಟ್ಟುತ್ತವೆ.

ಆದರೆ ಮಗುವಿನ ಹಳೆಯ ನಂಬಿಕೆಯನ್ನು ಪೂರ್ತಿ ಅಳಿಸಿಹಾಕುವ ಅವಸರವೂ ಬೇಡ. ಮರಕ್ಕೆ, ನೀರಿಗೆ, ಬೆಂಕಿಗೆ ಜೀವವಿದೆ ಎಂದು ಅದು ಹೇಳಿದಾಗ ನಗುವ ಹಕ್ಕು ಬೇರೆಯವರಿಗೆ ಇರಬಹುದು, ಜೈನ ಮನೆಯವರಿಗಿಲ್ಲ. ಪೃಥ್ವಿ, ಜಲ, ಅಗ್ನಿ, ವಾಯು, ವನಸ್ಪತಿಗಳನ್ನು ಕಾಯವಾಗಿ ಉಳ್ಳ ಏಕೇಂದ್ರಿಯ ಜೀವಗಳನ್ನು ಒಪ್ಪಿದ ದರ್ಶನ ಇದು. ಹಾಗಾದರೆ ನೀರು ಜೀವವೋ ಪುದ್ಗಲವೋ? ಇದು ದೊಡ್ಡವರನ್ನೂ ತಡವರಿಸುವಂತೆ ಮಾಡುವ ಪ್ರಶ್ನೆ. ಕೈಗೆ ತಣ್ಣಗೆ ತಾಗುವುದು ಜಲಕಾಯ ಜೀವದ ಶರೀರ, ಶರೀರವೆಂಬುದು ಎಲ್ಲೇ ಇದ್ದರೂ ಪುದ್ಗಲವೇ, ಅದರಲ್ಲಿದ್ದು ಅರಿಯುವುದು ಜೀವ ಎಂದು ವಿಂಗಡಿಸಿ ಹೇಳಬೇಕು. ನೀರಿನಲ್ಲಿ ಓಡಾಡುವ ತ್ರಸಜೀವಗಳು ಇನ್ನೂ ಬೇರೆ. ಬಟ್ಟೆಯಲ್ಲಿ ಸೋಸಿ, ಸೋಸಿದ ಬಟ್ಟೆಯನ್ನು ಹುಷಾರಾಗಿ ತೊಳೆದು ಆ ನೀರನ್ನು ಬಾವಿಗೇ ಮರಳಿ ಬಿಡುವ ಅಜ್ಜಿಯ ಕೈಯನ್ನು ನೋಡುತ್ತ ಬೆಳೆದ ಮಗುವಿಗೆ ಇದು ಹೊಸದಲ್ಲ. ನಲ್ಲಿಯ ಶೋಧಕಯಂತ್ರ ಬಂದ ಮನೆಯಲ್ಲಿ ಮಾತ್ರ ಬಾಯಿಬಿಟ್ಟು ಹೇಳಬೇಕಾಗಿ ಬಂದಿದೆ.

ಶರೀರವೂ ಪುದ್ಗಲವೆಂಬ ಮಾತನ್ನು ಮಕ್ಕಳಿಗೆ ಯಾವ ದನಿಯಲ್ಲಿ ಹೇಳಬೇಕೆಂಬುದು ಇದೆಲ್ಲಕ್ಕಿಂತ ಸೂಕ್ಷ್ಮ. ಕೆಲವು ಪ್ರವಚನಕಾರರು ಅಶುಚಿ ಭಾವನೆಯನ್ನು ಎತ್ತಿಕೊಂಡು ಮೂಳೆ, ಮಾಂಸ, ಮಲಗಳ ವರ್ಣನೆಯನ್ನು ಏಳು ವರ್ಷದವರ ಮುಂದೆ ಬಿಚ್ಚುತ್ತಾರೆ. ದೇಹಮೋಹವನ್ನು ಕಡಿಯಬೇಕಾದ ಸಾಧಕನಿಗೆ ಆ ಚಿಂತನೆ ಔಷಧ. ಇನ್ನೂ ತನ್ನ ಕೈಕಾಲುಗಳ ಪರಿಚಯ ಮಾಡಿಕೊಳ್ಳುತ್ತಿರುವ ಮಗುವಿಗೆ ಅದು ಭಯ ಮತ್ತು ನಾಚಿಕೆಯನ್ನಷ್ಟೇ ಕೊಡುತ್ತದೆ. ಅದೇ ಐದನೆಯ ಅಧ್ಯಾಯ ಪುದ್ಗಲದ ಉಪಕಾರವನ್ನೂ ಹೇಳುತ್ತದೆಂಬುದನ್ನು ಅವರು ಮರೆಯುತ್ತಾರೆ. ಶರೀರ, ಮಾತು, ಮನಸ್ಸು, ಉಸಿರು, ಇಷ್ಟನ್ನೂ ಜೀವಕ್ಕೆ ಒದಗಿಸಿರುವುದು ಪುದ್ಗಲ. ತಪಸ್ಸಿಗೂ ಮನುಷ್ಯ ಶರೀರವೇ ಬೇಕು. ಮಗುವಿಗೆ ಮೊದಲು ಈ ಉಪಕಾರ ತಿಳಿಯಲಿ.

ವರ್ಣ ಪುದ್ಗಲದ ಗುಣವೆಂದು ವೇದಿಕೆಯ ಮೇಲೆ ಹೇಳಿ, ಕೆಳಗಿಳಿದ ಕೂಡಲೇ ‘ಹುಡುಗಿ ಬೆಳ್ಳಗಿದ್ದಾಳೆಯೇ’ ಎಂದು ಸಂಬಂಧ ವಿಚಾರಿಸುವ ಹಿರಿಯರನ್ನೂ ಮಕ್ಕಳು ನೋಡುತ್ತಿರುತ್ತಾರೆ. ಕಪ್ಪಗಿದ್ದೀಯೆಂದು ಚುಚ್ಚುಮಾತು ಕೇಳಿದ ಹೆಣ್ಣುಮಗುವಿಗೆ ಈ ಸಿದ್ಧಾಂತ ಬರಿಯ ಸಮಾಧಾನದ ಮಾತಾಗಿ ಸಿಕ್ಕಬಾರದು. ಮನೆಯ ನಡೆಯಲ್ಲಿ ಸಿಕ್ಕಬೇಕು.

ಮನೆಯಲ್ಲಿ ಸಾವು ಸಂಭವಿಸಿದಾಗ ಈ ತಿಳಿವಳಿಕೆಯ ಬೆಲೆ ತಿಳಿಯುತ್ತದೆ. ನಡುಮನೆಯಲ್ಲಿ ಮಲಗಿಸಿರುವ ಅಜ್ಜನನ್ನು ತೋರಿಸಿ ‘ಅಜ್ಜ ನಿದ್ದೆ ಮಾಡುತ್ತಿದ್ದಾರೆ’ ಎಂದು ಹೇಳುವವರುಂಟು. ಅಂದಿನಿಂದ ಆ ಮಗುವಿಗೆ ನಿದ್ದೆಯ ಭಯ. ಸ್ಪರ್ಶ, ವರ್ಣಗಳನ್ನು ಆಡುತ್ತ ಕಲಿತ ಮಗುವಿಗೆ ನಿಜವನ್ನೇ ಹೇಳಬಹುದು. ಇಲ್ಲಿರುವುದು ಅಜ್ಜನ ಶರೀರ. ಅದೇ ಬಣ್ಣ, ಅದೇ ಬೆರಳು. ಮುಟ್ಟಿದರೆ ತಣ್ಣಗಿದೆ. ನಿನ್ನ ಹೆಜ್ಜೆಯ ಸದ್ದಿನಿಂದಲೇ ನಿನ್ನನ್ನು ಗುರುತಿಸುತ್ತಿದ್ದವರು ಇದರಲ್ಲಿ ಈಗ ಇಲ್ಲ. ಎಲ್ಲಿಗೆ ಹೋದರು ಎಂದು ಮಗು ಕೇಳಿದರೆ, ತಮ್ಮ ಕರ್ಮಕ್ಕೆ ತಕ್ಕ ಇನ್ನೊಂದು ಗತಿಗೆ ಹೋದರು, ಎಲ್ಲಿಗೆಂದು ನಮಗೆ ಕಾಣದು ಎನ್ನುವುದಕ್ಕೆ ಹಿಂಜರಿಯಬೇಕಾಗಿಲ್ಲ. ಅಳು ಬಂದರೆ ಮಗು ಅಳಲಿ. ತತ್ತ್ವ ಹೇಳಿ ಅದರ ಕಣ್ಣೀರನ್ನು ತಡೆಯುವುದು ಯಾರ ಕರ್ತವ್ಯವೂ ಅಲ್ಲ.

ಇನ್ನೊಂದು ಪ್ರಶ್ನೆ ಬೇಗನೆ ಅಥವಾ ತಡವಾಗಿ ಬಂದೇ ಬರುತ್ತದೆ: ಗೊಮ್ಮಟಸ್ವಾಮಿಯೂ ಪುದ್ಗಲವೇ? ವಿಂಧ್ಯಗಿರಿಯ ಮೇಲೆ ಸುಮಾರು 57 ಅಡಿ ಎತ್ತರಕ್ಕೆ ಒಂದೇ ಕಲ್ಲಿನಲ್ಲಿ ನಿಂತ, 981ರ ಸುಮಾರಿಗೆ ಚಾವುಂಡರಾಯ ಮಾಡಿಸಿದ ಮೂರ್ತಿಯ ಬಗ್ಗೆ ಹೀಗೆ ಕೇಳಿದಾಗ ಹಿರಿಯರು ಬೆಚ್ಚುತ್ತಾರೆ. ಬೆಚ್ಚಬೇಕಾಗಿಲ್ಲ. ಹೌದು, ಕಲ್ಲು ಪುದ್ಗಲವೇ. 2018ರ ಮಹಾಮಸ್ತಕಾಭಿಷೇಕದಲ್ಲಿ ಅದರ ಮೇಲೆ ಇಳಿದ ನೀರು, ಹಾಲು, ಕಬ್ಬಿನ ರಸ, ಅರಿಸಿನ, ಗಂಧಗಳೂ ಪುದ್ಗಲವೇ. ಬಣ್ಣ, ವಾಸನೆ, ತಂಪು ಎಲ್ಲವೂ ಅಲ್ಲಿ ಒಟ್ಟಿಗೆ ಹರಿಯುವುದನ್ನು ಕಂಡ ಮಗು ಪುದ್ಗಲದ ವೈಭವವನ್ನೇ ಕಂಡಿರುತ್ತದೆ. ಬಾಹುಬಲಿ ಸಿದ್ಧರಾದವರು. ಸಿದ್ಧರಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ, ಸ್ಪರ್ಶವಿಲ್ಲ. ಕಣ್ಣಿಗೆ ಕಾಣಲಾರದವರನ್ನು ನೆನೆಯಲು ಕಣ್ಣಿಗೆ ಕಾಣುವ ಕಲ್ಲು ನೆರವಾಗಿದೆ, ಕೈಮುಗಿಯುವುದು ಅವರ ಗುಣಗಳಿಗೆ ಎಂದರೆ ಮಗುವಿನ ಭಕ್ತಿಯೇನೂ ಕುಗ್ಗುವುದಿಲ್ಲ. ಈ ಪ್ರಶ್ನೆಯನ್ನು ಬಾಯಿಮುಚ್ಚಿಸಿ ಕಳಿಸಿದರೆ ಹದಿನೈದನೆಯ ವಯಸ್ಸಿನಲ್ಲಿ ಅದು ಹಾಸ್ಯವಾಗಿ ಮರಳಿ ಬರುತ್ತದೆ, ಆಗ ಉತ್ತರ ಕೇಳುವ ತಾಳ್ಮೆ ಇರುವುದಿಲ್ಲ.

‘ಇದು ನನ್ನದು’ ಎಂದು ಆಟಿಕೆಯನ್ನು ಎದೆಗವಚಿಕೊಂಡ ಮೂರು ವರ್ಷದ ಮಗುವಿಗೆ ‘ಯಾವುದೂ ನಿನ್ನದಲ್ಲ, ಎಲ್ಲ ಪುದ್ಗಲ’ ಎಂದು ಅಪರಿಗ್ರಹವನ್ನು ಬೋಧಿಸುವುದು ಮಾತ್ರ ಬೇಡ. ಆ ಮಾತಿನ ನಂತರ ಆಟಿಕೆಯನ್ನು ಕಿತ್ತು ತಮ್ಮನಿಗೆ ಕೊಡುತ್ತಾರೆಂಬುದು ಅದಕ್ಕೆ ಗೊತ್ತು. ತತ್ತ್ವ ಕಿತ್ತುಕೊಳ್ಳುವ ಉಪಾಯವೆಂದು ತಿಳಿಯುತ್ತದೆ.

ಧರ್ಮ, ಅಧರ್ಮ, ಆಕಾಶ, ಕಾಲಗಳೆಂಬ ಉಳಿದ ಅಜೀವ ದ್ರವ್ಯಗಳಿಗೂ ಅವಸರವಿಲ್ಲ. ಗತಿಗೆ ನೆರವಾಗುವ ಧರ್ಮದ್ರವ್ಯವನ್ನು ‘ಧರ್ಮ ಮಾಡು’ ಎಂಬ ಮಾತಿನ ಧರ್ಮದೊಡನೆ ಬೆರೆಸಿಕೊಂಡು ದೊಡ್ಡವರೇ ಗೊಂದಲಪಡುತ್ತಾರೆ. ಅದಕ್ಕೆ ಹನ್ನೆರಡು ಹದಿಮೂರರ ವಯಸ್ಸು ಬರಲಿ. ಅಲ್ಲಿಯವರೆಗೆ ಐದನೆಯ ದಿನದ ಪ್ರವಚನದಿಂದ ಅರ್ಧ ಗಂಟೆಯನ್ನು ಮಕ್ಕಳಿಗಾಗಿ ಬಿಡಿಸಿ, ಬಸದಿಯ ಜಗಲಿಯಲ್ಲಿ ಹರಿವಾಣವನ್ನಿಟ್ಟು ಒಬ್ಬ ತಾಯಿಯೋ ಪಾಠಶಾಲೆಯ ಅಕ್ಕನೋ ಅವರೊಡನೆ ಕುಳಿತರೆ ಆಯಿತು. ಬೆಲ್ಲವನ್ನು ಸ್ವಲ್ಪ ಹೆಚ್ಚಾಗಿಯೇ ಇಡುವುದು ಒಳ್ಳೆಯದು, ಪಾಠ ಮುಗಿಯುವುದರೊಳಗೆ ಅದು ಉಳಿಯುವುದಿಲ್ಲ.